ಹೆಡ್ ಫೇಸಿಂಗ್ ಆದ್ಮೇಲೆ ಬಂದ ಆ ಸೌಂಡು

ನನ್ನ ರೂಮ್‌ಮೇಟ್ ಹತ್ರ ಒಂದು ಆರ್‌ಎಕ್ಸ್ 100 ಇದೆ. ಅವನದು ಅನ್ನೋದಕ್ಕಿಂತ ಅವನ ಅಪ್ಪಂದು ಅನ್ನೋದು ಸರಿ. ತೊಂಬತ್ತರ ದಶಕದಲ್ಲಿ ಅವರು ಜಿಗಣಿಯ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಗ ತಗೊಂಡ ಗಾಡಿ. ಆಮೇಲೆ ಊರಿಗೆ, ಉಜಿರೆ ಕಡೆಗೆ, ವಾಪಸ್ ಹೋದಾಗ ಗಾಡಿಯೂ ಚಾರ್ಮಾಡಿ ಘಾಟಿ ಇಳಿದು ಹೋಯ್ತು. ಈಗ ಮಗ ಇಂಜಿನಿಯರಿಂಗ್ ಓದೋಕೆ ಅದೇ ಜಿಗಣಿಗೆ ಬಂದ, ಅವನ ಹಿಂದೆ ಗಾಡಿಯೂ ಬಂತು. "ಹುಷಾರಾಗಿ ಇಟ್ಕೋ, ಏನೂ ಬದಲಾಯಿಸ್ಬೇಡ" ಅಂತ ಅವರು ಹೇಳಿ ಕಳಿಸಿದ್ರಂತೆ.

ಸೆಕೆಂಡ್ ಇಯರ್ ಶುರುವಾಗಿ ಒಂದು ತಿಂಗಳಿಗೆ ಬದಲಾಯಿಸಿದ. ಒಬ್ಬ ಸೀನಿಯರ್ "ಹೆಡ್ ಒಂದು ಎಂಎಂ ತೆಗಿಸು ಮಗಾ, ಪಿಕಪ್ ನೋಡು ಆಮೇಲೆ" ಅಂದ. ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಲೇತ್ ಶಾಪಲ್ಲಿ ಅರ್ಧ ಗಂಟೇಲಿ ಕೆಲಸ ಮುಗೀತು. ಪಿಕಪ್ ನಿಜವಾಗ್ಲೂ ಬಂತು, ಸುಳ್ಳು ಹೇಳಲ್ಲ. ಎರಡು ದಿನ ಅವನು ನೆಲದ ಮೇಲೆ ನಡೀಲಿಲ್ಲ. ಮೂರನೇ ದಿನ ಎಪಿಸಿ ಸರ್ಕಲಿಂದ ಹಾಸ್ಟೆಲಿಗೆ ಬರುವಾಗ ಇಂಜಿನ್ನಿಂದ ಒಂದು ಸೌಂಡು ಶುರುವಾಯ್ತು.

ಆಮೇಲಿನದು ನಿಮಗೆ ಗೊತ್ತಿರೋದೇ. ಪಾರ್ಕಿಂಗಲ್ಲಿ ಹತ್ತು ಜನ ಸುತ್ತ ನಿಂತ್ರು, ಹತ್ತು ಕಾಯಿಲೆ ಹೇಳಿದ್ರು. "ಪಿಸ್ಟನ್ ಹೋಯ್ತು", "ಬೇರಿಂಗ್ ಗುರು", "ಡೆಟೊನೇಷನ್", "ಆಯಿಲ್ ಕಮ್ಮಿ", "ಏನೂ ಆಗಿಲ್ಲ, ಆರ್‌ಎಕ್ಸ್ ಸೌಂಡೇ ಹಂಗೆ". ಒಬ್ಬನಂತೂ ಸ್ಟ್ಯಾಂಡ್ ಹಾಕಿ ನ್ಯೂಟ್ರಲಲ್ಲಿ ಫುಲ್ ರೇಸ್ ಕೊಟ್ಟು "ಈಗ ಕೇಳಿ" ಅಂದ. ಗಾಡಿ ಅವನದ್ದಲ್ವಲ್ಲ.

ದೀಪಾವಳಿಗೆ ಅದೇ ಗಾಡೀಲಿ ಊರಿಗೆ ಹೋಗೋದು ಅಂತ ಇವನು ಅಪ್ಪಂಗೆ ಮಾತು ಕೊಟ್ಟಿದ್ದ. ಉಳಿದಿದ್ದು ಎರಡು ವಾರ. ಆ ಎರಡು ವಾರದಲ್ಲಿ ನಾವಿಬ್ಬರು ಏನು ಹುಡುಕಿದ್ವಿ, ಹೇಗೆ ಹುಡುಕಿದ್ವಿ ಅನ್ನೋದನ್ನ ಬರೀತಿದ್ದೀನಿ. ನಮ್ಮ ಕ್ಯಾಂಪಸಲ್ಲಿ ಆರ್‌ಎಕ್ಸ್, ಯೆಜ್ಡಿ ಇಟ್ಕೊಂಡಿರೋರು ಕಮ್ಮಿ ಇಲ್ಲ. ಹೆಡ್ ಕೆಲಸ ಮಾಡಿಸೋ ಆಸೆ ಇರೋರು ಅದಕ್ಕಿಂತ ಜಾಸ್ತಿ.

ಮೊದಲು ಒಂದು ವಿಷಯ. "ನಾಕಿಂಗ್" ಅಂತ ನಾವು ಒಂದೇ ಪದದಲ್ಲಿ ಕರೆಯೋದು ಒಂದೇ ಕಾಯಿಲೆ ಅಲ್ಲ. ಜ್ವರ ಅಂದ ಹಾಗೆ ಅದು. ಹೆಡ್ ಬದಲಾಯಿಸಿದ ಮೇಲೆ ಸೌಂಡ್ ಬಂತು ಅಂದ್ರೆ ಕಮ್ಮಿ ಅಂದ್ರೂ ನಾಲ್ಕು ಬೇರೆ ಬೇರೆ ಕಾರಣ ಇರಬಹುದು. ಒಂದಕ್ಕೆ ಮಾಡೋ ರಿಪೇರಿ ಇನ್ನೊಂದನ್ನ ಇನ್ನೂ ಹಾಳು ಮಾಡಬಹುದು. ಅದಕ್ಕೆ ಸ್ಪ್ಯಾನರ್ ಹಿಡಿಯೋ ಮುಂಚೆ ಸೌಂಡಿಗೆ ಪ್ರಶ್ನೆ ಕೇಳ್ಬೇಕು. ಲೋಡ್ ಇದ್ದಾಗ ಮಾತ್ರ ಬರುತ್ತಾ? ಇಂಜಿನ್ ತಣ್ಣಗಿದ್ದಾಗಲೋ ಬಿಸಿ ಆದ್ಮೇಲೋ? ಥ್ರಾಟಲ್ ಬಿಟ್ಟ ತಕ್ಷಣ ಏನಾಗುತ್ತೆ? ಈ ಮೂರನೇ ಪ್ರಶ್ನೆನೇ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು.

ಒಂದು ಎಂಎಂ ಅಂದ್ರೆ ಎಷ್ಟು

ಆರ್‌ಎಕ್ಸ್ 100ದು 50 ಎಂಎಂ ಬೋರ್, 50 ಎಂಎಂ ಸ್ಟ್ರೋಕ್. ಲೆಕ್ಕ ಹಾಕಿದ್ರೆ 98 ಸಿಸಿ. ಬೋರಿನ ವಿಸ್ತೀರ್ಣ 19.6 ಚದರ ಸೆಂಟಿಮೀಟರ್. ಹೆಡ್ಡಿನ ಮುಖದಿಂದ 1 ಎಂಎಂ ತೆಗೆದ್ರೆ ಚೇಂಬರಿಂದ ಸುಮಾರು 2 ಸಿಸಿ ಹೋಗುತ್ತೆ. ಎರಡು ಸಿಸಿ ಅಂದ್ರೆ ಅರ್ಧ ಟೀ ಸ್ಪೂನಿಗಿಂತ ಕಮ್ಮಿ. ಏನು ಮಹಾ ಅನ್ಸುತ್ತೆ.

ಆದ್ರೆ ಕಂಪ್ರೆಷನ್ ರೇಷಿಯೋದಲ್ಲಿ ಚೇಂಬರ್ ಭಾಗಾಕಾರದ ಕೆಳಗಡೆ ಕೂತಿದೆ. ಯಮಹಾ ಆರ್‌ಎಕ್ಸ್ 100ಕ್ಕೆ ಕೊಟ್ಟ ರೇಷಿಯೋ 6.7. ಟೂ ಸ್ಟ್ರೋಕಲ್ಲಿ ಎಕ್ಸಾಸ್ಟ್ ಪೋರ್ಟ್ ಮುಚ್ಚೋವರೆಗೂ ನಿಜವಾದ ಕಂಪ್ರೆಷನ್ ಶುರುವಾಗಲ್ಲ, ಹಾಗಾಗಿ ಜಪಾನಿನ ಕಂಪನಿಗಳು ಪೋರ್ಟ್ ಮುಚ್ಚಿದ ಮೇಲಿನ ಲೆಕ್ಕವನ್ನೇ ಕೊಡೋದು ರೂಢಿ. ಲೆಕ್ಕ ಸುಲಭ ಆಗ್ಲಿ ಅಂತ ಪೋರ್ಟ್ ಮುಚ್ಚಿದ ಮೇಲೆ 57 ಸಿಸಿ, ಚೇಂಬರ್ 10 ಸಿಸಿ ಅಂತ ಇಟ್ಕೊಳ್ಳಿ. 67 ಭಾಗಿಸು 10, ಅಲ್ಲಿಗೆ 6.7. ಈಗ ಚೇಂಬರ್ 8 ಸಿಸಿ ಮಾಡಿ. 65 ಭಾಗಿಸು 8 ಅಂದ್ರೆ 8.1. ಅರ್ಧ ಸ್ಪೂನ್ ಜಾಗ ಕಮ್ಮಿ ಮಾಡಿದ್ದಕ್ಕೆ ರೇಷಿಯೋ ಐದನೇ ಒಂದು ಭಾಗ ಜಾಸ್ತಿ ಆಯ್ತು. ಥರ್ಮೋ ಕ್ಲಾಸಲ್ಲಿ ಆಟೋ ಸೈಕಲ್ ಎಫಿಷಿಯನ್ಸಿ ಫಾರ್ಮುಲಾ ಬರ್ದು "ಆರ್ ಜಾಸ್ತಿ ಆದ್ರೆ ಎಫಿಷಿಯನ್ಸಿ ಜಾಸ್ತಿ" ಅಂತ ನಿಲ್ಲಿಸ್ತೀವಲ್ಲ, ಅದರ ಮುಂದಿನ ಕಥೆ ಪಾರ್ಕಿಂಗಲ್ಲಿ ನಡೆಯುತ್ತೆ.

ಇದು ಒಂದು ಬದಲಾವಣೆ. ಇನ್ನೊಂದು ಇದೆ, ಅದನ್ನ ಯಾರೂ ಹೇಳಲ್ಲ. ಹೆಡ್ ಒಳಗೆ ಅಂಚಲ್ಲಿ ಒಂದು ಉಂಗುರದಂಥ ಪಟ್ಟಿ ಇರುತ್ತೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಅಂಚು ಈ ಪಟ್ಟಿಯ ಹತ್ತಿರ ಬಂದು, ನಡುವೆ ಇರೋ ಮಿಕ್ಸ್ಚರನ್ನ ಹಿಂಡಿ ಮಧ್ಯಕ್ಕೆ ತಳ್ಳುತ್ತೆ. ಇದಕ್ಕೆ ಸ್ಕ್ವಿಶ್ ಅಂತಾರೆ. ಆ ಸಂದಿ ಸರಿಯಾಗಿದ್ರೆ ಉರಿ ಬೇಗ ಹರಡುತ್ತೆ, ಅಂಚಿನ ಮಿಕ್ಸ್ಚರ್ ತಣ್ಣಗಿರುತ್ತೆ. ಸಂದಿ ತೀರಾ ದೊಡ್ಡದಾದ್ರೆ ಪ್ರಯೋಜನ ಇಲ್ಲ. ತೀರಾ ಸಣ್ಣದಾದ್ರೆ ಪಿಸ್ಟನ್ ಹೋಗಿ ಹೆಡ್ಡಿಗೆ ಹೊಡೆಯುತ್ತೆ. ಹೆಡ್ಡಿನ ಮುಖದಿಂದ ಎಷ್ಟು ತೆಗಿತೀವೋ ಈ ಸಂದಿಯೂ ಅಷ್ಟೇ ಕಮ್ಮಿ ಆಗುತ್ತೆ, ಪಟ್ಟಿಯನ್ನ ಮತ್ತೆ ಕೊರೆಸದಿದ್ರೆ. ನಮ್ಮವನು ಕೊರೆಸಿರಲಿಲ್ಲ. ಹಾಗೊಂದು ಇದೆ ಅಂತಾನೇ ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸುಲಭದ್ದು ಮೊದಲು

ಮೊದಲ ಸಂಜೆ ನಾವು ನೋಡಿದ್ದು ಲೀಕ್. ಹೆಡ್ ಬಿಚ್ಚಿ ಹಾಕಿದ ಯಾವ ಗಾಡಿಯಲ್ಲಾದ್ರೂ ಇದನ್ನೇ ಮೊದಲು ನೋಡ್ಬೇಕು, ಯಾಕಂದ್ರೆ ದುಡ್ಡು ಖರ್ಚಿಲ್ಲ. ಹೆಡ್ ಗ್ಯಾಸ್ಕೆಟ್ ಹತ್ರ ಗಾಳಿ ಸೋರಿದ್ರೆ ಪ್ರತಿ ಫೈರಿಂಗಿಗೂ ಒಂದು "ಟಿಕ್" ಬರುತ್ತೆ, ಥೇಟ್ ಲೋಹ ಹೊಡೆದ ಹಾಗೇ ಕೇಳುತ್ತೆ. ಎಕ್ಸಾಸ್ಟ್ ಪೈಪ್ ಸಿಲಿಂಡರಿಗೆ ಸೇರೋ ಜಾಗದಲ್ಲಿ ಸೋರಿದ್ರೂ ಅದೇ ಸೌಂಡು. ಪ್ಲಗ್ ಸಡಿಲ ಇದ್ರೂ ಅದೇ. ಶಾಂಪೂ ನೀರು ಮಾಡಿ, ಇಂಜಿನ್ ತಣ್ಣಗಿದ್ದಾಗ ಹೆಡ್ ಸುತ್ತ, ಪ್ಲಗ್ ಸುತ್ತ ಹಚ್ಚಿ, ಇಗ್ನಿಷನ್ ಆಫ್ ಮಾಡಿ ನಿಧಾನಕ್ಕೆ ಕಿಕ್ ಒತ್ತಿ. ಗುಳ್ಳೆ ಬಂತು ಅಂದ್ರೆ ಸಿಕ್ತು. ಕರೀ ಎಣ್ಣೆ ಕಲೆ ಇದ್ರೂ ಅದೇ ಅರ್ಥ.

ನಮ್ಮದ್ರಲ್ಲಿ ಒಂದು ಕಡೆ ಸಣ್ಣ ಗುಳ್ಳೆ ಬಂತು. ನಾಲ್ಕು ನಟ್ಟುಗಳನ್ನ ಸುತ್ತಿನಲ್ಲಿ ಒಂದಾದ ಮೇಲೊಂದು ಟೈಟ್ ಮಾಡಿದ್ರು ಅನ್ಸುತ್ತೆ. ಎದುರು ಬದುರು, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚಲ್ಲಿ ಮಾಡ್ಬೇಕು. ಡಿಪಾರ್ಟ್‌ಮೆಂಟ್ ಲ್ಯಾಬಿಂದ ರೆಂಚ್ ಬೇಡಿ ತಂದು ಸರಿ ಮಾಡಿದ್ವಿ. ಗುಳ್ಳೆ ನಿಂತಿತು. ಸೌಂಡ್ ನಿಲ್ಲಲಿಲ್ಲ.

ಪ್ಲಗ್ ಬಗ್ಗೆ ಇನ್ನೊಂದು ಮಾತು. ಆರ್‌ಎಕ್ಸ್‌ಗೆ ಬೇಕಾಗಿರೋದು ಗಿಡ್ಡ ಥ್ರೆಡ್ಡಿನ ಪ್ಲಗ್, 12.7 ಎಂಎಂ. 19 ಎಂಎಂದು ಉದ್ದದ್ದನ್ನ ಹಾಕಿದ್ರೆ ಅದೂ ತಿರುಗುತ್ತೆ, ಕೂರುತ್ತೆ, ಆಮೇಲೆ ಪಿಸ್ಟನ್ನಿಗೆ ಹೊಡೆಯುತ್ತೆ. ಹೆಡ್ ತೆಗೆಸಿದ ಗಾಡಿಯಲ್ಲಿ ಇದಕ್ಕೆ ಇನ್ನೂ ಕಮ್ಮಿ ಜಾಗ. ಪ್ಲಗ್ ಬಿಚ್ಚಿದಾಗ ಗ್ಯಾಪ್ ಪೂರ್ತಿ ಮುಚ್ಚಿಹೋಗಿದ್ರೆ ಬೇರೆ ಸಾಕ್ಷಿ ಬೇಡ. ನಮ್ಮ ಪ್ಲಗ್ ಸರಿ ಇತ್ತು.

ಥ್ರಾಟಲ್ ಬಿಟ್ಟಾಗ ಏನಾಯ್ತು

ಮಾರನೇ ದಿನ ಬೆಳಿಗ್ಗೆ ಆರಕ್ಕೆ, ಟ್ರಾಫಿಕ್ ಇಲ್ಲದಾಗ, ಬೊಮ್ಮಸಂದ್ರ–ಜಿಗಣಿ ಲಿಂಕ್ ರೋಡಲ್ಲಿ ಟೆಸ್ಟ್. ಅವನು ಓಡಿಸಿದ, ನಾನು ಹಿಂದೆ ಕೂತು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಗಾರ್ಮೆಂಟ್ಸ್ ಶಿಫ್ಟಿಗೆ ಬಸ್ ಕಾಯ್ತಿದ್ದೋರು ನಮ್ಮನ್ನ ವಿಚಿತ್ರವಾಗಿ ನೋಡಿದ್ರು.

ಕೇಳಿಸಿಕೊಂಡಾಗ ಗೊತ್ತಾಗಿದ್ದು, ಸೌಂಡ್ ಒಂದಲ್ಲ, ಎರಡು. ಅದಕ್ಕೇ ಪಾರ್ಕಿಂಗಲ್ಲಿ ಅಷ್ಟೊಂದು ಜಗಳ ಆಗಿದ್ದು.

ಮೊದಲನೆಯದು ಗಟ್ಟಿಯಾದ, ಚೂಪಾದ "ಟಕ್ ಟಕ್". ಆರ್‌ಪಿಎಂ ಏರಿದ ಹಾಗೆ ಜೋರಾಗುತ್ತೆ. ಲೋಡ್ ಬೇಕಿಲ್ಲ, ಕ್ಲಚ್ ಹಿಡಿದ್ರೂ ಬರುತ್ತೆ. ಮುಖ್ಯವಾದ್ದು ಇದು: ಸೆಕೆಂಡ್ ಗೇರಲ್ಲಿ ಮೇಲಿನ ಆರ್‌ಪಿಎಂಗೆ ಹೋಗಿ ಥ್ರಾಟಲ್ ಪೂರ್ತಿ ಬಿಟ್ರೆ, ಸೌಂಡ್ ನಿಲ್ಲೋ ಬದಲು ಇನ್ನೂ ಸ್ಪಷ್ಟ ಆಗುತ್ತೆ.

ಡೆಟೊನೇಷನ್ ಆಗಿದ್ರೆ ಹಾಗಾಗೋಕೆ ಸಾಧ್ಯ ಇಲ್ಲ. ಥ್ರಾಟಲ್ ಮುಚ್ಚಿದ ಮೇಲೆ ಸಿಲಿಂಡರಲ್ಲಿ ಸಿಡಿಯೋಕೆ ಏನೂ ಉಳಿದಿರಲ್ಲ. ಹಾಗಿದ್ರೂ ಬರ್ತಿದೆ ಅಂದ್ರೆ ಲೋಹಕ್ಕೆ ಲೋಹ ತಾಗ್ತಿದೆ. ಜೋರಾಗೋದಕ್ಕೂ ಕಾರಣ ಇದೆ. 7,500 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲಿನ ತುದಿಯಲ್ಲಿ ನಿಂತು ತಿರುಗೋವಾಗ ಅದರ ವೇಗೋತ್ಕರ್ಷ ಗುರುತ್ವದ ಹತ್ತಿರಹತ್ತಿರ 2,000 ಪಟ್ಟು. ನೀವೇ ಲೆಕ್ಕ ಹಾಕಿ ನೋಡಿ, ಕ್ರ್ಯಾಂಕ್ ರೇಡಿಯಸ್ 25 ಎಂಎಂ, ರಾಡ್ ಅದರ ನಾಲ್ಕು ಪಟ್ಟು ಅಂತ ತಗೊಂಡು. ಪಿಸ್ಟನ್, ಪಿನ್, ರಿಂಗ್ ಸೇರಿ 100 ಗ್ರಾಂ ಅಂದ್ಕೊಂಡ್ರೂ ಅದು ಆ ಕ್ಷಣಕ್ಕೆ 200 ಕೆಜಿ ತೂಕದ ಹಾಗೆ ರಾಡನ್ನ ಮೇಲಕ್ಕೆ ಎಳೆಯುತ್ತೆ. ಬೇರಿಂಗಿನ ಪ್ಲೇ ಪೂರ್ತಿ ಮೇಲಕ್ಕೆ ಹೋಗುತ್ತೆ, ರಾಡ್ ಕೂದಲೆಳೆಯಷ್ಟು ಉದ್ದ ಆಗುತ್ತೆ. ಥ್ರಾಟಲ್ ತೆರೆದಿದ್ದಾಗ ಒಳಗಿನ ಗ್ಯಾಸ್ ಒತ್ತಡ ದಿಂಬಿನ ಹಾಗೆ ತಡೆಯುತ್ತೆ. ಥ್ರಾಟಲ್ ಮುಚ್ಚಿದಾಗ ಆ ದಿಂಬೂ ಇಲ್ಲ.

ಹೆಡ್ ಬಿಚ್ಚಿದ್ವಿ. ಪಿಸ್ಟನ್ ತಲೆ ಮೇಲೆ ಎಲ್ಲ ಕಡೆ ಕರೀ ಕಾರ್ಬನ್, ಎಕ್ಸಾಸ್ಟ್ ಕಡೆ ಅಂಚಲ್ಲಿ ಮಾತ್ರ ಚಂದ್ರನ ಆಕಾರದಲ್ಲಿ ಉಜ್ಜಿ ತೊಳೆದ ಪಾತ್ರೆ ಥರ ಬಿಳೀ ಹೊಳಪು. ಹೆಡ್ಡಲ್ಲೂ ಸರಿಯಾಗಿ ಎದುರಿಗೇ ಅಂಥದೇ ಗುರುತು.

ಸಂದಿ ಎಷ್ಟಿದೆ ಅಂತ ಅಳೆಯೋಕೆ ಸೋಲ್ಡರ್ ವೈರ್ ಸಾಕು. ಇಸಿಇ ಫ್ರೆಂಡ್ಸ್ ಹತ್ರ ಸಿಗುತ್ತೆ. ಸುಮಾರು 1.5 ಎಂಎಂ ದಪ್ಪದ್ದು ತಗೊಂಡು, ಚಿಕ್ಕ ತುಂಡುಗಳನ್ನ ಪಿಸ್ಟನ್ ತಲೆ ಮೇಲೆ ಅಂಚು ತಾಗೋ ಹಾಗೆ ಗ್ರೀಸಲ್ಲಿ ಅಂಟಿಸಿ. ಹಳೇ ಗ್ಯಾಸ್ಕೆಟ್ ಇಟ್ಟು ಹೆಡ್ ಪೂರ್ತಿ ಟೈಟ್ ಮಾಡಿ, ಕೈಯಲ್ಲೇ ಕ್ರ್ಯಾಂಕನ್ನ ಒಂದು ಸುತ್ತು ತಿರುಗಿಸಿ, ಬಿಚ್ಚಿ, ಚಪ್ಪಟೆ ಆದ ತುದಿಯನ್ನ ವರ್ನಿಯರಲ್ಲಿ ಅಳೀರಿ. ಗಡ್ಜನ್ ಪಿನ್ನಿನ ನೇರಕ್ಕೆ ಎರಡೂ ಕಡೆ ತುಂಡು ಇಡೋದು ಮುಖ್ಯ. ಬೇರೆ ಕಡೆ ಒಂದೇ ತುಂಡು ಇಟ್ರೆ ಪಿಸ್ಟನ್ ವಾಲಿ ತಪ್ಪು ಅಳತೆ ಬರುತ್ತೆ. ಆಮೇಲೆ ಮುಂದೆ ಹಿಂದೆಯೂ ಜೋಡಿಯಾಗಿ ಇಟ್ಟು ನೋಡಿ.

ನಮಗೆ ಸಿಕ್ಕಿದ್ದು ಎಕ್ಸಾಸ್ಟ್ ಕಡೆ 0.4 ಎಂಎಂ, ಹಿಂದೆ 0.7. ಈ ಸೈಜಿನ ಇಂಜಿನ್ನಿಗೆ ಎಲ್ಲ ಕಡೆ 0.8ರಿಂದ 1 ಎಂಎಂ ಇರ್ಬೇಕು ಅಂತ ಟ್ಯೂನಿಂಗ್ ಮಾಡೋರು ಹೇಳ್ತಾರೆ. ಬರೀ ಕಮ್ಮಿ ಆಗಿದ್ದಲ್ಲ, ಓರೆಯೂ ಆಗಿತ್ತು. ಲೇತಿನ ಚಕ್ಕಲ್ಲಿ ಹೆಡ್ಡನ್ನ ಹಿಡಿದಾಗ ನೇರ ಇದೆಯಾ ಅಂತ ಡಯಲ್ ಗೇಜಲ್ಲಿ ನೋಡಿರಲ್ಲ. ಗ್ಯಾಸ್ಕೆಟ್ ಕೂರೋ ಮುಖ ಫ್ಲಾಟಾಗಿಯೇ ಇದೆ, ಹಾಗಾಗಿ ಹೊರಗಡೆಯಿಂದ ಏನೂ ಗೊತ್ತಾಗಲ್ಲ. ಒಳಗಿನ ಚೇಂಬರ್ ವಾಲಿದೆ. ಆ ಲೇತ್ ಅಣ್ಣನ್ನ ಬೈಯೋಕೂ ಆಗಲ್ಲ. ನಾವು ಕೊಟ್ಟಿದ್ದ ಡ್ರಾಯಿಂಗ್ ಏನು? "ಒಂದು ಎಂಎಂ ತೆಗೀರಿ ಅಣ್ಣ." ಟಾಲರೆನ್ಸ್ ಇಲ್ಲ, ಡೇಟಮ್ ಇಲ್ಲ. ಇಂಜಿನಿಯರಿಂಗ್ ಡ್ರಾಯಿಂಗಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡವನೇ ಅವನ ಜೊತೆ ಹೋಗಿದ್ದು. ಹೌದು, ನಾನೇ.

ಈ ಸಲ ಚೇಂಬರಿನ ಕ್ರಾಸ್ ಸೆಕ್ಷನ್ ಬಿಡಿಸಿ, ಅಳತೆ ಹಾಕಿ, ಹೆಡ್ ಜೊತೆ ಪಿಸ್ಟನ್ನೂ ತಗೊಂಡು ಇನ್ನೊಂದು ಲೇತಿಗೆ ಹೋದ್ವಿ. ಸ್ಕ್ವಿಶ್ ಪಟ್ಟಿಯನ್ನ ಪಿಸ್ಟನ್ ತಲೆಯ ಉಬ್ಬಿಗೆ ಹೊಂದೋ ಕೋನದಲ್ಲಿ ಕೊರೆಸಿ, ಎಲ್ಲ ಕಡೆ 0.9 ಬರೋ ಹಾಗೆ ಮಾಡಿಸಿದ್ವಿ. ಟಕ್ ಟಕ್ ನಿಂತಿತು.

ಎರಡನೇ ಸೌಂಡು

ಎರಡನೆಯದು ಮೆತ್ತಗಿತ್ತು, ಅದಕ್ಕೇ ಜಾಸ್ತಿ ಅಪಾಯ. ಗಾಡಿ ಚೆನ್ನಾಗಿ ಬಿಸಿ ಆದ ಮೇಲೆ, ಇಬ್ಬರು ಕೂತು, ನಾಲ್ಕನೇ ಗೇರಲ್ಲಿ ಕಮ್ಮಿ ಸ್ಪೀಡಲ್ಲಿ ಏರು ಹತ್ತುವಾಗ ಥ್ರಾಟಲ್ ಪೂರ್ತಿ ತಿರುಗಿಸಿದ್ರೆ, ಸ್ಟೀಲ್ ಡಬ್ಬಿಯಲ್ಲಿ ಸಣ್ಣ ಕಾಳು ಹಾಕಿ ಅಲ್ಲಾಡಿಸಿದ ಹಾಗೆ "ಕಿಣಿಕಿಣಿ". ಥ್ರಾಟಲ್ ಸ್ವಲ್ಪ ಬಿಟ್ರೆ ಮಾಯ. ಗೇರ್ ಇಳಿಸಿದ್ರೆ ಮಾಯ. ಸ್ಟ್ಯಾಂಡಲ್ಲಿ ಎಷ್ಟು ರೇಸ್ ಕೊಟ್ರೂ ಬರಲ್ಲ.

ಇದು ಡೆಟೊನೇಷನ್. ಪ್ಲಗ್ ಹಚ್ಚಿದ ಉರಿ ಒಂದು ಕಡೆಯಿಂದ ಹರಡ್ತಾ ಬರುತ್ತೆ. ಅದು ಮುಟ್ಟೋ ಮುಂಚೆನೇ, ಮೂಲೆಯಲ್ಲಿ ಉಳಿದಿರೋ ಮಿಕ್ಸ್ಚರ್ ಒತ್ತಡಕ್ಕೂ ಬಿಸಿಗೂ ತಡೀದೆ ತಾನಾಗೇ ಒಂದೇ ಸಲ ಸಿಡಿಯುತ್ತೆ. ಆಗ ಹುಟ್ಟೋ ಒತ್ತಡದ ಅಲೆ ಸಿಲಿಂಡರ್ ಗೋಡೆಯಿಂದ ಗೋಡೆಗೆ ಬಡಿದಾಡುತ್ತೆ. ನಾವು ಕೇಳೋದು ಆ ಅಲೆಯನ್ನ, ಲೋಹದ ಹೊಡೆತವನ್ನಲ್ಲ.

ಅಲೆಯ ಫ್ರೀಕ್ವೆನ್ಸಿಯನ್ನ ಬೋರಿನ ಅಳತೆಯಿಂದಲೇ ಹೇಳಬಹುದು. 1930ರ ದಶಕದಲ್ಲಿ ಎಂಐಟಿಯ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಇದನ್ನ ತೋರಿಸಿದ್ದು. ಮುಂದೆ ಅಪೊಲೊ ಗಗನನೌಕೆಗಳ ಗೈಡೆನ್ಸ್ ಕಂಪ್ಯೂಟರ್ ಮಾಡಿದ ಲ್ಯಾಬ್ ಕಟ್ಟಿದ್ದೂ ಇದೇ ಮನುಷ್ಯ. ಲೆಕ್ಕ ಹೀಗಿದೆ: ಬಿಸಿ ಗ್ಯಾಸಲ್ಲಿ ಶಬ್ದದ ವೇಗವನ್ನ 1.84ರಿಂದ ಗುಣಿಸಿ, ಪೈ ಮತ್ತೆ ಬೋರಿನಿಂದ ಭಾಗಿಸಿ. ಶಬ್ದದ ವೇಗ ಸೆಕೆಂಡಿಗೆ 950 ಮೀಟರ್ ಅಂತ ತಗೊಂಡ್ರೆ ಆರ್‌ಎಕ್ಸ್ 100ರ 50 ಎಂಎಂ ಬೋರಿಗೆ ಸುಮಾರು 11 ಕಿಲೋಹರ್ಟ್ಸ್ ಬರುತ್ತೆ. ಮೈಸೂರಲ್ಲಿ ತಯಾರಾಗ್ತಿದ್ದ ಯೆಜ್ಡಿ 250ಗೆ 65 ಎಂಎಂ ಬೋರು, ಹಾಗಾಗಿ 8.5 ಕಿಲೋಹರ್ಟ್ಸ್. ಹಳೇ ಬುಲೆಟ್ 350ಗೆ 70 ಎಂಎಂ, ಹತ್ತಿರಹತ್ತಿರ 8.

ಈ 11 ಕಿಲೋಹರ್ಟ್ಸ್ ನನಗೆ ಒಂದು ಗೊಂದಲ ಬಗೆಹರಿಸ್ತು. ನಾವು ತೋರಿಸಿದ ಮೆಕ್ಯಾನಿಕ್ ಅಣ್ಣ ಮೂವತ್ತು ವರ್ಷದಿಂದ ಟೂ ಸ್ಟ್ರೋಕ್ ಬಿಚ್ಚಿ ಕಟ್ಟಿದವರು. ಟಕ್ ಟಕ್ಕನ್ನ ಅವರು ಅರ್ಧ ನಿಮಿಷದಲ್ಲಿ ಹಿಡಿದ್ರು, ಉದ್ದದ ಸ್ಕ್ರೂಡ್ರೈವರಿನ ಹಿಡಿಯನ್ನ ಕಿವಿಗೆ ಒತ್ತಿ, ತುದಿಯನ್ನ ಹೆಡ್ಡಿಗಿಟ್ಟು. ಎರಡನೆಯದಕ್ಕೆ ಓಡಿಸಿ ನೋಡಿ "ನಂಗೇನೂ ಕೇಳಿಸ್ತಿಲ್ಲಪ್ಪ" ಅಂದ್ರು. ಅವರು ಸುಳ್ಳು ಹೇಳಿಲ್ಲ. ವಯಸ್ಸಾದ ಹಾಗೆ, ಸದ್ದಿನ ಮಧ್ಯೆ ಕೆಲಸ ಮಾಡಿದ ಹಾಗೆ, ಕಿವಿ ಮೊದಲು ಕಳ್ಕೊಳ್ಳೋದು ಮೇಲಿನ ಫ್ರೀಕ್ವೆನ್ಸಿಗಳನ್ನೇ. ಹತ್ತೊಂಬತ್ತು ವರ್ಷದ ನಮ್ಮ ಕಿವಿಗೆ ಅದು ಕೇಳಿಸ್ತಿತ್ತು. ಅನುಭವ ಅವರ ಹತ್ರ ಇತ್ತು, ಈ ಒಂದು ಸೌಂಡಿಗೆ ಬೇಕಾದ ಕಿವಿ ನಮ್ಮ ಹತ್ರ. ಇದನ್ನ ಅವರಿಗೆ ಹೇಳಿದಾಗ ನಕ್ಕು "ಹಂಗಾದ್ರೆ ಪ್ಲಗ್ ಬಿಚ್ಚಿ ಕೊಡು, ಕಣ್ಣು ಇನ್ನೂ ನೆಟ್ಟಗಿದೆ" ಅಂದ್ರು.

ಪ್ಲಗ್ಗಿನ ಬಿಳೀ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆಗಳಿದ್ವು, ಮಧ್ಯ ಕೆಲವು ಹೊಳೀತಿದ್ವು. ಹೊಳೆಯೋದು ಪಿಸ್ಟನ್ನಿನ ಅಲ್ಯೂಮಿನಿಯಂ. ಡೆಟೊನೇಷನ್ ಆದಾಗ ಪಿಸ್ಟನ್ ಮೇಲೆ ರಕ್ಷಣೆಗೆ ಇರೋ ತೆಳು ತಣ್ಣನೆ ಗ್ಯಾಸ್ ಪದರವನ್ನ ಆ ಅಲೆಗಳು ಚದುರಿಸಿಬಿಡುತ್ವೆ, ಬಿಸಿ ನೇರವಾಗಿ ಲೋಹಕ್ಕೆ ಹೋಗುತ್ತೆ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ಮೆತ್ತಗಾಗೋದು ಅದಕ್ಕಿಂತ ಎಷ್ಟೋ ಮುಂಚೆ. ಅಂಚು ಮರಳು ತೂರಿದ ಹಾಗೆ ಗುಳಿ ಬೀಳುತ್ತೆ, ರಿಂಗ್ ಸಿಕ್ಕಿಹಾಕಿಕೊಳ್ಳುತ್ತೆ, ಪಿಸ್ಟನ್ ಹಿಗ್ಗಿ ಸಿಲಿಂಡರನ್ನ ಹಿಡಿಯುತ್ತೆ. ಓಡ್ತಿರೋ ಗಾಡಿಯಲ್ಲಿ ಪಿಸ್ಟನ್ ಸೀಝ್ ಆದ್ರೆ ಹಿಂದಿನ ಚಕ್ರ ಲಾಕ್ ಆಗುತ್ತೆ. ಹಳೇ ಟೂ ಸ್ಟ್ರೋಕ್ ಸವಾರರು ಯಾವಾಗಲೂ ಎರಡು ಬೆರಳು ಕ್ಲಚ್ ಮೇಲೆ ಇಟ್ಕೊಂಡಿರ್ತಾರಲ್ಲ, ಅದು ಸ್ಟೈಲಿಗಲ್ಲ.

ಫೋನಲ್ಲಿ ರೆಕಾರ್ಡ್ ಮಾಡಿ ಎಫ್‌ಎಫ್‌ಟಿ ನೋಡೋ ಪ್ರಯೋಗವನ್ನೂ ಮಾಡಿದ್ವಿ. ಫೋನ್ ಮೈಕ್ 44.1 ಅಥವಾ 48 ಕಿಲೋಹರ್ಟ್ಸಲ್ಲಿ ಸ್ಯಾಂಪಲ್ ಮಾಡುತ್ತೆ, ಹಾಗಾಗಿ 11 ಸಿಗಬೇಕು. ನಿಂತ ಗಾಡಿಯಲ್ಲಿ ಡೆಟೊನೇಷನ್ ಬರಲ್ಲ, ಓಡಿಸ್ತಾನೇ ರೆಕಾರ್ಡ್ ಮಾಡ್ಬೇಕು, ಗಾಳಿ ಸದ್ದು ಎಲ್ಲವನ್ನೂ ನುಂಗುತ್ತೆ. ಫೋನನ್ನ ಬಟ್ಟೆ ಸುತ್ತಿ ಸೀಟಿನ ಕೆಳಗಿಟ್ಟ ಮೇಲೆ 11ರ ಆಸುಪಾಸಲ್ಲಿ ಒಂದು ಉಬ್ಬು ಕಾಣಿಸ್ತು. ಪೇಪರಲ್ಲಿ ಪ್ರಿಂಟ್ ಮಾಡೋವಷ್ಟು ಚಂದದ ಗ್ರಾಫ್ ಏನಲ್ಲ. ಒಂದು ಮಾತ್ರ ನೆನಪಿಡಿ, ಸೌಂಡನ್ನ ವಾಯ್ಸ್ ನೋಟ್ ಮಾಡಿ ಯಾರಿಗಾದ್ರೂ ಕಳಿಸಿ "ಏನಣ್ಣ ಇದು" ಅಂತ ಕೇಳ್ಬೇಡಿ. ಮಾತಿಗೆ ಬೇಡದ ಮೇಲಿನ ಫ್ರೀಕ್ವೆನ್ಸಿಗಳು ಕಂಪ್ರೆಷನಲ್ಲಿ ಸಾಮಾನ್ಯವಾಗಿ ಹೋಗಿಬಿಟ್ಟಿರ್ತವೆ.

ಡೆಟೊನೇಷನ್ ಹೌದೋ ಅಲ್ವೋ ಅಂತ ಖಚಿತ ಮಾಡ್ಕೊಳ್ಳೋಕೆ ಸುಲಭದ ದಾರಿ: ಸೌಂಡ್ ಬರ್ತಿರೋವಾಗ ಚೋಕನ್ನ ಸ್ವಲ್ಪ ಎಳೀರಿ. ಮಿಕ್ಸ್ಚರಲ್ಲಿ ಪೆಟ್ರೋಲ್ ಜಾಸ್ತಿ ಆಗಿ ಸೌಂಡ್ ಕಮ್ಮಿ ಆದ್ರೆ ಅದೇ. ಲೋಹ ತಾಗ್ತಿದ್ರೆ ಚೋಕಿಗೆ ಅದು ಕೇರ್ ಮಾಡಲ್ಲ. ಹಳೇ ಇಂಜಿನ್ನುಗಳ ಇನ್ನೆರಡು ಸೌಂಡುಗಳನ್ನೂ ಹೀಗೇ ಬೇರೆ ಮಾಡಬಹುದು. ಪಿಸ್ಟನ್ ಸ್ಲ್ಯಾಪ್ ಬೆಳಿಗ್ಗೆ ತಣ್ಣಗಿದ್ದಾಗ ಜೋರು, ಬಿಸಿ ಆದ್ಮೇಲೆ ಕಮ್ಮಿ, ಡೆಟೊನೇಷನ್ನಿಗೆ ಸರಿಯಾಗಿ ಉಲ್ಟಾ. ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಹೋಗಿದ್ರೆ "ಧಬ್ ಧಬ್" ಅಂತ ಆಳದ ಸೌಂಡು, ಥ್ರಾಟಲ್ ಕೊಟ್ಟು ಬಿಟ್ಟು ಮಾಡಿದಾಗ ಎದ್ದು ಕೇಳುತ್ತೆ. ಕಂಪ್ರೆಷನ್ ಏರಿಸಿದ್ರೆ ಹಳೇ ಬೇರಿಂಗ್ ಮೇಲೆ ಭಾರ ಜಾಸ್ತಿ ಆಗುತ್ತಲ್ಲ, ಹಾಗಾಗಿ ಹೆಡ್ ಕೆಲಸದ ನಂತರ ಇದು ಮೊದಲ ಸಲ ಬಾಯಿ ಬಿಡೋದೂ ಉಂಟು.

ಪೆಟ್ರೋಲ್, ಟೈಮಿಂಗ್, ಜೆಟ್ಟು

"ಪ್ರೀಮಿಯಂ ಪೆಟ್ರೋಲ್ ಹಾಕು, ಸರಿ ಹೋಗುತ್ತೆ" ಅನ್ನೋದು ಪಾರ್ಕಿಂಗ್ ಸಲಹೆಗಳಲ್ಲಿ ಅತಿ ಜನಪ್ರಿಯ. ಪೂರ್ತಿ ತಪ್ಪಲ್ಲ, ಆಕ್ಟೇನ್ ಅಂದ್ರೇನೇ ತಾನಾಗೇ ಸಿಡಿಯದ ಹಾಗೆ ತಡ್ಕೊಳ್ಳೋ ಶಕ್ತಿ. 1921ರಲ್ಲಿ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಸೇರಿಸಿದ್ದೇ ಈ ನಾಕಿಂಗ್ ನಿಲ್ಲಿಸೋಕೆ. ಅದು ವಿಷ ಅಂತ ಗೊತ್ತಿದ್ದೂ ಪ್ರಪಂಚ ದಶಕಗಟ್ಟಲೆ ಅದನ್ನೇ ಉರಿಸ್ತು, ನಮ್ಮ ದೇಶದಲ್ಲಿ ಪೂರ್ತಿ ನಿಂತಿದ್ದು 2000ದಲ್ಲಿ. ಆರ್‌ಎಕ್ಸ್ 100 ಇಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ, ಅಂದ್ರೆ ಈ ಗಾಡಿ ಸೀಸದ ಪೆಟ್ರೋಲ್ ಕುಡಿದು ಬೆಳೆದಿದ್ದು.

ಈಗ ಆ ಕೆಲಸವನ್ನ ಎಥನಾಲ್ ಮಾಡುತ್ತೆ. 20% ಎಥನಾಲಿನ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಲ್ಲೇ, 2023ರ ಫೆಬ್ರವರಿ 6ಕ್ಕೆ. ಎಥನಾಲಿಗೆ ಆಕ್ಟೇನ್ ಜಾಸ್ತಿ, ಹಾಗಾಗಿ ನಾಕಿಂಗಿಗೆ ಒಳ್ಳೇದು. ಆದ್ರೆ ಅದಕ್ಕೆ ಗಾಳಿ ಕಮ್ಮಿ ಸಾಕು. ಶುದ್ಧ ಪೆಟ್ರೋಲಿಗೆ 14.7 ಭಾಗ ಗಾಳಿ ಬೇಕಾದ್ರೆ ಇ20ಗೆ ಸುಮಾರು 13.5. ಹಳೇ ಕಾರ್ಬೊರೇಟರ್‌ಗೆ ಇದು ಗೊತ್ತಿಲ್ಲ, ಅದೇ ಹಳೇ ಲೆಕ್ಕದಲ್ಲಿ ಕೊಡುತ್ತೆ, ಮಿಕ್ಸ್ಚರ್ ಲೀನ್ ಆಗುತ್ತೆ, ಇಂಜಿನ್ ಬಿಸಿ ಏರುತ್ತೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡ ಹಾಗೆ.

ನಾವು ಮಾಡಿದ್ದು ಮೂರು. ಮೊದಲು ಚೇಂಬರ್. ಎರಡನೇ ಲೇತಿನ ಕೆಲಸದ ಜೊತೆಗೇ ಮಧ್ಯದ ಬೌಲನ್ನೂ ಸ್ವಲ್ಪ ಆಳ ಮಾಡಿಸಿದ್ವಿ. ಪಿಸ್ಟನ್ ಪೂರ್ತಿ ಮೇಲಿಟ್ಟು, ಪ್ಲಗ್ ತೂತಿನಿಂದ ಸಿರಿಂಜಲ್ಲಿ ಸೀಮೆಎಣ್ಣೆ ಬೆರೆಸಿದ ಆಯಿಲ್ ಹಾಕಿ ಅಳೆದಾಗ ಮುಂಚೆ 8 ಸಿಸಿ ಇದ್ದಿದ್ದು 8.9ಕ್ಕೆ ಬಂತು. ಮೇಲಿನ ಲೆಕ್ಕದಲ್ಲಿ ರೇಷಿಯೋ 7.4. ಎರಡನೆಯದು ಟೈಮಿಂಗ್. ಕಂಪ್ರೆಷನ್ ಜಾಸ್ತಿ ಆದ್ರೆ ಉರಿ ಬೇಗ ಮುಗಿಯುತ್ತೆ, ಅಷ್ಟು ಮುಂಚೆ ಕಿಡಿ ಕೊಡೋ ಅಗತ್ಯ ಇಲ್ಲ, ಹಾಗಾಗಿ ಸ್ಟೇಟರ್ ಪ್ಲೇಟನ್ನ ಕೂದಲೆಳೆಯಷ್ಟು ರಿಟಾರ್ಡ್ ಮಾಡಿದ್ವಿ. ಗುರುತು ಹಾಕಿಕೊಂಡು ಮಾಡಿ, ಇಲ್ಲಾಂದ್ರೆ ವಾಪಸ್ ಬರೋ ದಾರಿ ಸಿಗಲ್ಲ. ಮೂರನೆಯದು ಮೇನ್ ಜೆಟ್, ಒಂದು ಸೈಜ್ ದೊಡ್ಡದು. ಒಂದೊಂದನ್ನೂ ಬೇರೆ ಬೇರೆ ದಿನ ಮಾಡಿ ಅದೇ ರೋಡಲ್ಲಿ ಓಡಿಸಿ ನೋಡಿದ್ವಿ. ಮೂರೂ ಆದ ಮೇಲೆ ಜಿಗಣಿಯಲ್ಲಿ ಕಿಣಿಕಿಣಿ ಪೂರ್ತಿ ಹೋಯ್ತು.

ಜಿಗಣಿಯಲ್ಲಿ ಅಂತ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಇವನು ಹೋಗಬೇಕಾಗಿದ್ದು ಉಜಿರೆಗೆ. ನಾವಿರೋದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರಹತ್ತಿರ 10% ಕಮ್ಮಿ. ಪ್ರತಿ ಸಲ ಸಿಲಿಂಡರಿಗೆ ತುಂಬೋ ಗಾಳಿಯೇ ಕಮ್ಮಿ, ಹಾಗಾಗಿ ಬೆಂಗಳೂರಲ್ಲಿ ಟ್ಯೂನ್ ಮಾಡೋರಿಗೆ ಒಂದು ಪುಕ್ಕಟೆ ರಕ್ಷಣೆ ಇದೆ. ಘಾಟಿ ಇಳಿದ್ರೆ ಅದು ಹೋಯ್ತು. ಗಾಳಿ ದಪ್ಪ ಆಗುತ್ತೆ, ಸಿಲಿಂಡರ್ ಒತ್ತಡ ಏರುತ್ತೆ, ಅದೇ ಜೆಟ್ಟಲ್ಲಿ ಮಿಕ್ಸ್ಚರ್ ಸುಮಾರು 5% ಲೀನ್ ಆಗುತ್ತೆ, ಹೊರಗಿನ ಸೆಖೆ ಬೇರೆ. ಡೆಟೊನೇಷನ್ನಿಗೆ ಬೇಕಾಗಿರೋದೆಲ್ಲ ಒಟ್ಟಿಗೆ ಸಿಗುತ್ತೆ. ಇದರ ಮೇಲೆ ಘಾಟಿ ಇಳಿಯೋವಾಗ ಥ್ರಾಟಲ್ ಮುಚ್ಚಿರ್ತೀವಿ, ಆರ್‌ಎಕ್ಸ್‌ನ ಆಯಿಲ್ ಪಂಪ್ ಥ್ರಾಟಲ್ ಕೇಬಲ್ಲಿಗೇ ಕಟ್ಟಿರೋದರಿಂದ ಆಯಿಲೂ ಕಮ್ಮಿ ಹೋಗುತ್ತೆ. ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಒಂದೆರಡು ಸಲ ಥ್ರಾಟಲ್ ಕೊಡೋ ಅಭ್ಯಾಸ ಅವನ ಅಪ್ಪಂಗೆ ಇದೆಯಂತೆ. ಯಾಕೆ ಅಂತ ಇವನು ಯಾವತ್ತೂ ಕೇಳಿರಲಿಲ್ಲ.

ಹೋಗುವಾಗ ಇವನು ಬ್ಯಾಗಲ್ಲಿ ಇನ್ನೊಂದು ಸೈಜ್ ದೊಡ್ಡ ಜೆಟ್, ಒಂದು ಎಕ್ಸ್‌ಟ್ರಾ ಪ್ಲಗ್ ಇಟ್ಕೊಂಡ. ಕೊಟ್ಟಿಗೆಹಾರದಲ್ಲಿ ಟೀಗೆ ನಿಲ್ಲಿಸಿ, ಇಂಜಿನ್ ಆರಿದ ಮೇಲೆ ಜೆಟ್ ಬದಲಾಯಿಸಿ ಘಾಟಿ ಇಳಿದ. ಮನೆ ತಲುಪಿ ಫೋನ್ ಮಾಡಿದಾಗ ಮೊದಲು ಹೇಳಿದ್ದು ಸೌಂಡ್ ಬಗ್ಗೆ ಅಲ್ಲ. ಅಪ್ಪ ಗೇಟ್ ಹತ್ರ ನಿಂತು, ಗಾಡಿ ಇನ್ನೂ ರೋಡಲ್ಲಿರೋವಾಗಲೇ "ಹೆಡ್ಡಿಗೆ ಏನು ಮಾಡ್ಸಿದ್ದಿ?" ಅಂತ ಕೇಳಿದ್ರಂತೆ. ಇವನು ಎಲ್ಲ ಹೇಳಿದ. ಅವರು ಏನೂ ಮಾತಾಡದೆ ಒಳಗೆ ಹೋಗಿ, ಹಳೇ ಬಿಸ್ಕೆಟ್ ಡಬ್ಬಿಯಿಂದ ಪೇಪರಲ್ಲಿ ಸುತ್ತಿಟ್ಟ ಇನ್ನೊಂದು ಹೆಡ್ ತಂದು ಮೇಜಿನ ಮೇಲಿಟ್ರು. ಅದರದ್ದೂ ಮುಖ ಫೇಸಿಂಗ್ ಆಗಿತ್ತು, ಅಂಚಲ್ಲಿ ಅದೇ ಚಂದ್ರನ ಆಕಾರದ ಗುರುತು. ಅದು ತೊಂಬತ್ತರ ದಶಕದ್ದು, ಜಿಗಣಿದೇ.